ಹಳೇ ಕ್ಯಾಮಿಯೋ ಬ್ರೋಚು: ಕೆಲಸ ಸೂಪರ್, ಮಾರೋರ ಮಾತು ಮಾತ್ರ ನಂಬ್ಬೇಡಿ

ಕ್ಯಾಮಿಯೋ ಅಂದ್ರೆ ಪದರ ಪದರದ ಕಲ್ಲು ಇಲ್ಲಾ ಚಿಪ್ಪಲ್ಲಿ ಉಬ್ಬಾಗಿ ಕೆತ್ತಿದ ಚಿತ್ರ. ನಂದು ಸಾರ್ಡೋನಿಕ್ಸ್ ಅನ್ನೋ ಬಿಳಿ-ಕಂದು ಪದರದ ಕಲ್ಲಲ್ಲಿ ಕೆತ್ತಿರೋ ಮೆಡೂಸಾ (ಗ್ರೀಕ್ ಪುರಾಣದ ಹಾವುಗೂದಲಿನ ಹೆಣ್ಣು) ಮುಖದ ಬ್ರೋಚು, 19ನೇ ಶತಮಾನದ್ದು, ಲಂಡನ್ನಿನ ಒಂದು ಆಂಟಿಕ್ ಅಂಗಡೀಲಿ ತಗೊಂಡೆ. ಮೇಲಿನ ಬಿಳಿ ಪದರದಲ್ಲಿ ಮುಖ ಕೆತ್ತಿ ಕೆಳಗಿನ ಕಂದು ಪದರಾನ ಹಿನ್ನೆಲೆಗೆ ಬಿಟ್ಟಿದಾರೆ, ಕೂದಲಲ್ಲಿರೋ ಹಾವುಗಳ ಹತ್ರ ಬಿಳಿ ತೆಳ್ಳಗಾಗಿ ಒಳಗಿಂದ ಕಂದು ಇಣುಕತ್ತೆ, ನೋಡ್ತಾ ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಚಿಪ್ಪಿಂದಲ್ಲ, ಕಲ್ಲೇ. ಚಿಪ್ಪಿನದು ಹಗುರ, ಹಿಂಭಾಗ ಸ್ವಲ್ಪ ಗುಳಿ ಇರತ್ತೆ, ಕಲ್ಲು ಮುಟ್ಟಿದ್ರೆ ತಣ್ಣಗಿರತ್ತೆ.

ಅಂಗಡಿಯೋರು ಮೊದ್ಲು "ರೋಮನ್ ಕಾಲದ್ದೂ ಇರಬಹುದು" ಅಂತ ಒಂದು ಬಿಟ್ರು ನೋಡಿ, ಅದು ಇಷ್ಟ ಆಗ್ಲಿಲ್ಲ. ಈ ಸ್ಟೈಲಲ್ಲಿ ದೊಡ್ಡ ದೊಡ್ಡೋರೇ ಏಮಾರಿದಾರೆ, 19ನೇ ಶತಮಾನದ ಇಟಲಿಯ ಕೆತ್ತನೆಗಾರ ಪಿಸ್ಟ್ರೂಚಿ ಕೆತ್ತಿದ ಫ್ಲೋರಾ (ರೋಮನ್ನರ ಹೂವಿನ ದೇವತೆ) ಕ್ಯಾಮಿಯೋನ ಪ್ರಾಚೀನದ್ದು ಅಂದ್ಕೊಂಡು ರಿಚರ್ಡ್ ಪೇಯ್ನ್ ನೈಟ್ ಅನ್ನೋ ಸಂಗ್ರಾಹಕರು ಕೊಂಡಿದ್ರು, ಅದು ನನ್ನ ಕೆಲಸಾನೇ ಅಂತ ಪಿಸ್ಟ್ರೂಚಿ ಹೇಳಿದ್ರೂ ನೈಟ್ ಒಪ್ಲಿಲ್ವಂತೆ. ಈಗದು ಬ್ರಿಟಿಷ್ ಮ್ಯೂಸಿಯಮ್ಮಲ್ಲಿದೆ. ಬ್ರಿಟನ್ನಿನ ಚಿನ್ನದ ನಾಣ್ಯ ಸಾವರಿನ್ ಮೇಲಿರೋ ಸೇಂಟ್ ಜಾರ್ಜ್ ಚಿತ್ರಾನೂ ಪಿಸ್ಟ್ರೂಚಿ ಅನ್ನೋ ಈ ಪುಣ್ಯಾತ್ಮಂದೇ!

ಒಂದೇ ಕೊರತೆ, ಪಿನ್ನು ದಪ್ಪ, ಲಾಕ್ ಬೇರೆ ಇಲ್ಲ. ರೇಷ್ಮೆ ಸೀರೆಗೆ ಚುಚ್ಚೋಕೆ ಧೈರ್ಯ ಬರ್ಲಿಲ್ಲ, ಉಣ್ಣೆ ಕೋಟಿಗಾದ್ರೆ ಓಕೆ.