ಗ್ರೇಟ್ ಡೇನ್ ಮರಿಯ ಬಟ್ಟಲಿಗೆ ಏನು: ರಾಗಿ ಊಟವೋ, ಪಪಿ ಫುಡ್ಡೋ, ಜಯಂಟ್ ಪಪಿ ಫುಡ್ಡೋ

ನನ್ನ ಆಯ್ಕೆ ಜಯಂಟ್ ಬ್ರೀಡ್, ಅಂದರೆ ದೈತ್ಯ ತಳಿಯ ನಾಯಿಮರಿಗಳಿಗೆಂದೇ ಮಾಡಿದ ಡ್ರೈ ಫುಡ್. ಅದನ್ನು ತೂಗಿ ಹಾಕಬೇಕು. ಮೇಲೆ ಒಂದು ಹಿಡಿ ಮನೆ ಊಟ ಬೆರೆಸಿದರೆ ತೊಂದರೆಯಿಲ್ಲ. ಕ್ಯಾಲ್ಸಿಯಂ ಸಿರಪ್ ಮಾತ್ರ ಬೇಡವೇ ಬೇಡ. ರಾಗಿ, ಕೋಳಿ, ಮೊಸರಿನ ಮನೆ ಊಟ, ಎಲ್ಲ ತಳಿಗೂ ಒಂದೇ ಎಂದು ಮಾರುವ ಪಪಿ ಫುಡ್, ಈ ಜಯಂಟ್ ಪಪಿ ಫುಡ್, ಮೂರನ್ನೂ ಒಂದೇ ಗಂಡು ಗ್ರೇಟ್ ಡೇನ್ ಮರಿಗೆ ಎರಡರಿಂದ ಎಂಟು ತಿಂಗಳ ನಡುವೆ ಹಾಕಿ ನೋಡಿದ ಮೇಲಿನ ಮಾತಿದು. ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್ ಸಾಕುವವರಿಗೂ ಲೆಕ್ಕ ಹೆಚ್ಚುಕಡಿಮೆ ಇದೇ. ಬೀದಿಯಿಂದ ತಂದ ಇಂಡಿ ಮರಿಗೆ ಇಷ್ಟು ಲೆಕ್ಕಾಚಾರ ಬೇಕಿಲ್ಲ.

ಡೇನ್ ಮರಿ ಹುಟ್ಟಿದಾಗ ಅರ್ಧ, ಮುಕ್ಕಾಲು ಕಿಲೋ ಇರುತ್ತದೆ. ಒಂದೂವರೆ ವರ್ಷದಲ್ಲಿ ಗಂಡಾದರೆ 60 ಕಿಲೋ ದಾಟುತ್ತದೆ. ಅಷ್ಟು ಕಾಲವೂ ಮೂಳೆಯ ತುದಿಗಳು ಮೆತ್ತಗೇ ಇರುತ್ತವೆ. ಬೆಳೆದ ನಾಯಿ ತನಗೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಮಿಕ್ಕಿದ್ದನ್ನು ಹೊರಹಾಕುತ್ತದೆ. ಆರು ತಿಂಗಳೊಳಗಿನ ಮರಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ. ಬಟ್ಟಲಿಗೆ ಹೆಚ್ಚು ಹಾಕಿದಷ್ಟೂ ಮೈಗೆ ಹೆಚ್ಚು ಸೇರುತ್ತದೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಡೇನ್ ಮರಿಗಳ ಮೇಲೆಯೇ ನಡೆದ ಪ್ರಯೋಗಗಳಲ್ಲಿ, ಹೆಚ್ಚು ಕ್ಯಾಲ್ಸಿಯಂ ತಿಂದ ಮರಿಗಳ ಮೂಳೆ ಗಟ್ಟಿಯಾಗುವ ಬದಲು ಕೆಟ್ಟಿತು. ಮೃದ್ವಸ್ಥಿ ಸರಿಯಾಗಿ ಮೂಳೆಯಾಗದೆ ಉಳಿಯಿತು, ಮುಂಗಾಲು ಬಾಗಿತು. ಪ್ರೋಟೀನ್ ಹೆಚ್ಚಾದರೆ ಮೂಳೆ ಕೆಡುತ್ತದೆ ಎಂಬ ಮಾತು ಈಗಲೂ ಕೇಳಿಬರುತ್ತದೆ. ಅಲ್ಲೇ ಮುಂದೆ ನಡೆದ ಅಧ್ಯಯನದಲ್ಲಿ ಅದು ನಿಲ್ಲಲಿಲ್ಲ. ಕಣ್ಣಿಡಬೇಕಾದ್ದು ಕ್ಯಾಲ್ಸಿಯಂ ಮೇಲೆ ಮತ್ತು ಒಟ್ಟು ಕ್ಯಾಲೊರಿ ಮೇಲೆ.

ಮನೆ ಊಟ

ಮರಿಗೆ ಇದರಷ್ಟು ಇಷ್ಟವಾಗುವುದು ಬೇರೆಯಿಲ್ಲ. ಬಟ್ಟಲು ನೆಕ್ಕಿ ಹೊಳೆಯಿಸುತ್ತದೆ. ತೊಡಕು ಇರುವುದು ಲೆಕ್ಕದಲ್ಲಿ. ನಾಲ್ಕು ತಿಂಗಳ, ಸುಮಾರು 25 ಕಿಲೋ ತೂಗುವ ಮರಿಗೆ ದಿನಕ್ಕೆ 1,700 ಕ್ಯಾಲೊರಿಯ ಆಸುಪಾಸು ಬೇಕು. ನಮ್ಮ ಕಡೆ ಸಾಮಾನ್ಯವಾಗಿ ಮಾಡುವ ಅಡುಗೆ ಹೀಗಿರುತ್ತದೆ: 250 ಗ್ರಾಂ ರಾಗಿ ಹಿಟ್ಟು, ಮೂಳೆ ತೆಗೆದ 400 ಗ್ರಾಂ ಕೋಳಿ, 300 ಗ್ರಾಂ ಮೊಸರು, ಎರಡು ಮೊಟ್ಟೆ. ಕ್ಯಾಲೊರಿ ಸರಿಹೋಗುತ್ತದೆ.

ಈಗ ಕ್ಯಾಲ್ಸಿಯಂ ಕೂಡಿ. ರಾಗಿಯಲ್ಲಿ 100 ಗ್ರಾಂಗೆ 364 ಮಿಲಿಗ್ರಾಂ ಇದೆ, ಧಾನ್ಯಗಳಲ್ಲಿ ಅದೇ ಮುಂದು. ಹಾಗಾಗಿ 250 ಗ್ರಾಂನಿಂದ 0.9 ಗ್ರಾಂ. ಮೊಸರಿನಿಂದ 0.4 ಗ್ರಾಂ. ಕೋಳಿ, ಮೊಟ್ಟೆ ಎರಡೂ ಸೇರಿ 0.1 ಗ್ರಾಂ. ಒಟ್ಟು 1.4 ಗ್ರಾಂ. ಬೇಕಾದ್ದು ಪ್ರತಿ 1,000 ಕ್ಯಾಲೊರಿಗೆ ಕನಿಷ್ಠ 3 ಗ್ರಾಂ, ಅಂದರೆ ದಿನಕ್ಕೆ 5 ಗ್ರಾಂ. ಮೂರನೇ ಒಂದು ಭಾಗವೂ ಆಗಲಿಲ್ಲ. ರಾಗಿ ತಿಂದರೆ ಮೂಳೆ ಗಟ್ಟಿ ಎಂಬ ನಂಬಿಕೆಯಲ್ಲಿ ಸುಮ್ಮನಿದ್ದರೆ ಮರಿಗೆ ಕ್ಯಾಲ್ಸಿಯಂ ಕೊರತೆ ಖಚಿತ. ಸಾಲದ್ದಕ್ಕೆ ರಾಗಿಯಲ್ಲಿ ಫೈಟೇಟ್ ಇದೆ. ಅದು ಕ್ಯಾಲ್ಸಿಯಂ, ಸತು ಎರಡನ್ನೂ ಕಟ್ಟಿಹಾಕುತ್ತದೆ.

ಹಾಗಾದರೆ ಮೊಟ್ಟೆಯ ಚಿಪ್ಪು ಪುಡಿ ಮಾಡಿ ಹಾಕೋಣ ಎನ್ನುತ್ತಾರೆ. ಒಂದು ಟೀ ಚಮಚ, ಅಂದರೆ 5 ಗ್ರಾಂ ನುಣ್ಣನೆ ಪುಡಿಯಲ್ಲಿ ಸುಮಾರು 1.9 ಗ್ರಾಂ ಕ್ಯಾಲ್ಸಿಯಂ. ಎರಡು ಚಮಚ ಹಾಕಿದರೆ ಒಟ್ಟು 5.2 ಗ್ರಾಂ, ಕ್ಯಾಲ್ಸಿಯಂ ಭರ್ತಿ. ಆದರೆ ಈ ಬಟ್ಟಲಿನ ರಂಜಕ (ಫಾಸ್ಫರಸ್) 1.8 ಗ್ರಾಂ ಅಷ್ಟೇ. ಮರಿಗೆ ಬೇಕಾದ್ದು 4 ಗ್ರಾಂಗೂ ಹೆಚ್ಚು. ಚಿಪ್ಪಿನಲ್ಲಿ ರಂಜಕ ಇಲ್ಲವೆಂದೇ ಹೇಳಬೇಕು. ಕ್ಯಾಲ್ಸಿಯಂ ರಂಜಕದ ಎರಡು ಪಟ್ಟು ಮೀರಬಾರದು. ಇಲ್ಲಿ ಅದು ಮೂರು ಪಟ್ಟಿನ ಹತ್ತಿರ ಹೋಯಿತು. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸಿದಂತಾಯಿತು. ಸರಿಯಾದ ದಾರಿ ಎರಡನ್ನೂ ಒಟ್ಟಿಗೆ ಕೊಡುವ ಡೈಕ್ಯಾಲ್ಸಿಯಂ ಫಾಸ್ಫೇಟ್, ಅದೂ ವೈದ್ಯರು ಮರಿಯ ತೂಕ ನೋಡಿ ಬರೆದುಕೊಟ್ಟ ಗ್ರಾಂ ಲೆಕ್ಕದಲ್ಲಿ. ಅದರ ಜೊತೆಗೆ ಸತು, ತಾಮ್ರ, ಅಯೋಡಿನ್, ವಿಟಮಿನ್ ಡಿ, ಇ ಬೇರೆ ಸೇರಬೇಕು. ಸತು ಕಡಿಮೆಯಾದರೆ ಬಾಯಿ, ಕಣ್ಣಿನ ಸುತ್ತ ಮತ್ತು ಅಂಗಾಲಿನ ಮೆತ್ತೆಯಲ್ಲಿ ಹಕ್ಕಳೆ ಕಟ್ಟುತ್ತದೆ. ಬೇಗ ಬೆಳೆಯುವ ದೊಡ್ಡ ತಳಿಯ ಮರಿಗಳು ಧಾನ್ಯ, ಕ್ಯಾಲ್ಸಿಯಂ ಹೆಚ್ಚು ತಿಂದಾಗ ಬರುವ ಪರಿಚಿತ ಕಾಯಿಲೆ ಇದು. ಹುಳುಕಡ್ಡಿ ಎಂದುಕೊಂಡು ಮುಲಾಮು ಹಚ್ಚುತ್ತಾ ಕೂತರೆ ವಾಸಿಯಾಗುವುದಿಲ್ಲ.

ಇನ್ನೆರಡು ಮಾತು. ಚಿಕನ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕತ್ತು, ಕಾಲನ್ನು ಕುಕ್ಕರ್‌ನಲ್ಲಿ ಬೇಯಿಸಿ ಮೂಳೆ ಸಮೇತ ಹಾಕಬೇಡಿ, ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಒಂದು ಸೌಟೂ ಬೇಡ.

ಕ್ಯಾಲ್ಸಿಯಂ ಸಿರಪ್ ಎಂಬ ತಲೆನೋವು

ಬೆಂಗಳೂರಿನಲ್ಲಿ ದೊಡ್ಡ ತಳಿಯ ಮರಿ ಕೊಂಡವರಿಗೆ ಮರಿಯ ಜೊತೆಗೇ ಒಂದು ಬಾಟಲಿ ಸಿರಪ್ ಕೈಗೆ ಬರುತ್ತದೆ. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ಎಂದು ಮಾರಿದವರೇ ಚೀಟಿಯಲ್ಲಿ ಬರೆದುಕೊಡುತ್ತಾರೆ. ಮರಿ ಏನು ತಿನ್ನುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಡ್ರೈ ಫುಡ್ ತಿನ್ನುವ ಮರಿಗೆ ದಿನದ ಪೂರ್ತಿ ಕ್ಯಾಲ್ಸಿಯಂ ಬಟ್ಟಲಲ್ಲೇ ಇದೆ. ಸಿರಪ್ ಹಾಕಿದರೆ ಅದು ಅದರ ಮೇಲೆ ಬೀಳುತ್ತದೆ. ಸಾಮಾನ್ಯವಾಗಿ ಸಿರಪ್‌ನಲ್ಲಿ ವಿಟಮಿನ್ ಡಿ3 ಕೂಡ ಇರುತ್ತದೆ. ಡ್ರೈ ಫುಡ್‌ನಲ್ಲಿ ಅದೂ ಈಗಾಗಲೇ ಸೇರಿದೆ.

ಸಿರಪ್ ನಿಲ್ಲಿಸಲು ಜನ ಹೆದರುವುದಕ್ಕೆ ಒಂದೇ ಕಾರಣ, ಮರಿಯ ಮುಂಗಾಲು. ಮೂರು, ನಾಲ್ಕು ತಿಂಗಳಲ್ಲಿ ಡೇನ್ ಮರಿಯ ಮಣಿಕಟ್ಟು ಸಡಿಲವಾಗಿ ಪಾದ ಚಪ್ಪಟೆಯಾಗುತ್ತದೆ, ಬೆರಳು ಅಗಲವಾಗುತ್ತವೆ. ಕೆಲವು ಮರಿಗಳಲ್ಲಿ ತದ್ವಿರುದ್ಧವಾಗಿ ಮಣಿಕಟ್ಟು ಮುಂದಕ್ಕೆ ಮಡಚಿಕೊಳ್ಳುತ್ತದೆ. ನೋಡಿದವರೆಲ್ಲ ‘ಕ್ಯಾಲ್ಸಿಯಂ ಕಮ್ಮಿ’ ಎನ್ನುತ್ತಾರೆ. ಸರಿಯಾದ ಆಹಾರ ತಿನ್ನುವ ಮರಿಯಲ್ಲಿ ಸಾಮಾನ್ಯವಾಗಿ ಕಾಣುವ ಕಾರಣಗಳು ಬೇರೆ: ಮೂಳೆ ಬೆಳೆದಷ್ಟು ಬೇಗ ಸ್ನಾಯು, ಕಟ್ಟುಗಳು ಬಲಿಯದಿರುವುದು, ಮೈತೂಕ ಹೆಚ್ಚಾಗಿರುವುದು, ನುಣ್ಣನೆಯ ವಿಟ್ರಿಫೈಡ್ ಟೈಲ್ಸ್ ಮೇಲೆ ದಿನವಿಡೀ ಜಾರುವುದು. ಮರಿ ಬಟ್ಟಲಿಗೆ ನಡೆಯುವ ದಾರಿಗೂ ಮಲಗುವ ಜಾಗಕ್ಕೂ ರಬ್ಬರ್ ಮ್ಯಾಟ್ ಹಾಸಿ, ದಿನಕ್ಕೆ ಎರಡು ಸಲ ಮಣ್ಣಿನ ಮೇಲೆ ನಿಧಾನವಾಗಿ ನಡೆಸಿ, ಊಟ ಶೇಕಡಾ 10ರಷ್ಟು ಇಳಿಸಿದರೆ ಹೆಚ್ಚಿನ ಮರಿಗಳ ಕಾಲು ಕೆಲವು ವಾರಗಳಲ್ಲಿ ನೆಟ್ಟಗಾಗುತ್ತದೆ. ಕುಂಟು, ಜ್ವರ, ಮಣಿಕಟ್ಟಿನ ಮೇಲೆ ಬಿಸಿ ಊತ ಕಂಡರೆ ಮಾತ್ರ ಮನೆಮದ್ದಿಗೆ ಕೂರದೆ ಅಂದೇ ವೈದ್ಯರ ಬಳಿ ಹೋಗಿ ಎಕ್ಸ್‌ರೇ ತೆಗೆಸಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ.

ಪೂರ್ತಿ ಮನೆ ಊಟ ಹಾಕುವವರಿಗೆ ಕ್ಯಾಲ್ಸಿಯಂ ಬೇರೆಯಾಗಿ ಬೇಕೇ ಬೇಕು. ಬೇಡ ಎನ್ನುತ್ತಿರುವುದು ಡ್ರೈ ಫುಡ್ ಮೇಲಿನ ಸಿರಪ್.

ಎಲ್ಲ ತಳಿಗೂ ಒಂದೇ ಪಪಿ ಫುಡ್

ಅಗ್ಗ, ಗಲ್ಲಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಲೇಬಲ್ ಓದಿ. ಕ್ಯಾಲ್ಸಿಯಂ ಶೇಕಡಾವನ್ನು 10ರಿಂದ ಗುಣಿಸಿದರೆ ಒಂದು ಕಿಲೋದಲ್ಲಿ ಎಷ್ಟು ಗ್ರಾಂ ಎಂದು ಸಿಗುತ್ತದೆ. ಅದನ್ನು ಕಿಲೋದ ಕ್ಯಾಲೊರಿಯಿಂದ ಭಾಗಿಸಿ 1,000ದಿಂದ ಗುಣಿಸಿ. ಉತ್ತರ 3ರಿಂದ 4.5ರ ಒಳಗೆ ಇರಬೇಕು. 1.2% ಇದ್ದು ಕಿಲೋಗೆ 3,800 ಕ್ಯಾಲೊರಿ ಇದ್ದರೆ 3.2, ಚೆನ್ನಾಗಿದೆ. 1.9% ಇದ್ದು 3,600 ಕ್ಯಾಲೊರಿ ಇದ್ದರೆ 5.3, ಡೇನ್ ಮರಿಗೆ ಬೇಡ. ಎಷ್ಟೋ ಚೀಲಗಳ ಮೇಲೆ ‘ಕನಿಷ್ಠ 1%’ ಎಂದಷ್ಟೇ ಬರೆದಿರುತ್ತದೆ. ಗರಿಷ್ಠ ಎಷ್ಟೆಂದು ಹೇಳದ ಚೀಲವನ್ನು ಈ ಕೆಲಸಕ್ಕೆ ನಂಬಲಾಗದು. ನಾವು ಹಾಕಿ ನೋಡಿದ್ದರಲ್ಲಿ ಮಲವೂ ಹೆಚ್ಚು, ಅದೂ ಮೆತ್ತಗೆ.

ಜಯಂಟ್ ಪಪಿ ಫುಡ್

ಅಮೆರಿಕದ ಪ್ರಾಣಿ ಆಹಾರ ನಿಯಂತ್ರಣಾಧಿಕಾರಿಗಳ ಸಂಘವಾದ ಆಫ್ಕೊದ ಮಾನದಂಡ ಅನುಸರಿಸುವ ಚೀಲವಾದರೆ, ಬೆಳೆದಾಗ 70 ಪೌಂಡ್, ಅಂದರೆ 32 ಕಿಲೋ ಅಥವಾ ಹೆಚ್ಚು ತೂಗುವ ನಾಯಿಗಳ ಬೆಳವಣಿಗೆಗೂ ಸರಿಹೊಂದುತ್ತದೆ ಎಂಬ ಸಾಲು ಅದರ ಮೇಲೆ ಇರಬೇಕು. ಆ ಸಾಲು ಇದ್ದರೆ ಮೇಲಿನ ಗುಣಾಕಾರ ಅವರೇ ಮಾಡಿದ್ದಾರೆ ಎಂದರ್ಥ. ಕೆಲವರು ವಯಸ್ಸಿನ ಪ್ರಕಾರವೂ ಭಾಗ ಮಾಡುತ್ತಾರೆ. ರಾಯಲ್ ಕ್ಯಾನಿನ್‌ನಲ್ಲಿ ಎರಡರಿಂದ ಎಂಟು ತಿಂಗಳಿಗೆ ಜಯಂಟ್ ಪಪಿ, ಆಮೇಲೆ ಜಯಂಟ್ ಜೂನಿಯರ್.

ನಾಲ್ಕು ತಿಂಗಳ ಮರಿಗೆ ದಿನಕ್ಕೆ 450 ಗ್ರಾಂ. ಮೂರು ತಿಂಗಳ ತನಕ ನಾಲ್ಕು ಹೊತ್ತು, ಆರರ ತನಕ ಮೂರು ಹೊತ್ತು, ಆಮೇಲೆ ಬದುಕಿರುವಷ್ಟು ದಿನವೂ ಎರಡು ಹೊತ್ತು. ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಹಳೆಯ ಆಹಾರದಿಂದ ಬದಲಿಸುವಾಗ ಎಂಟು ದಿನ ತೆಗೆದುಕೊಳ್ಳಿ, ಎರಡೆರಡು ದಿನಕ್ಕೊಮ್ಮೆ ಕಾಲು ಭಾಗ ಹೆಚ್ಚಿಸುತ್ತಾ. ಮಲ ಸಡಿಲವಾದರೆ ಅಲ್ಲೇ ಎರಡು ದಿನ ನಿಲ್ಲಿ. ಮಳೆಗಾಲದಲ್ಲಿ ಚೀಲ ತೆರೆದಿಟ್ಟರೆ ಕೊಬ್ಬು ಕಮಟುತ್ತದೆ. ಡಬ್ಬಕ್ಕೆ ಸುರಿಯದೆ ಚೀಲದ ಸಮೇತ ಮುಚ್ಚಳದ ಡ್ರಮ್ಮಿನಲ್ಲಿಡಿ, ತಿಂಗಳೊಳಗೆ ಖಾಲಿಯಾಗುವಷ್ಟೇ ಕೊಳ್ಳಿ.

ಇದು ಗೆಲ್ಲಲು ಕಾಳಿನ ರೂಪವೂ ಒಂದು ಕಾರಣ. ಮುದ್ದೆಯನ್ನು ಜೇಬಿನಲ್ಲಿಟ್ಟು ತರಬೇತಿ ಕೊಡಲಾಗುವುದಿಲ್ಲ. ದಿನದ 450 ಗ್ರಾಂನಲ್ಲಿ 100 ಗ್ರಾಂ ಬೆಳಿಗ್ಗೆಯೇ ಪೌಚಿಗೆ ತೆಗೆದಿಟ್ಟರೆ ಬೇರೆ ಬಿಸ್ಕತ್ತು ಬೇಕಿಲ್ಲ, ಕ್ಯಾಲೊರಿಯೂ ಮೀರುವುದಿಲ್ಲ. ಐದು ನಿಮಿಷದ ಪಾಠ, ದಿನಕ್ಕೆ ನಾಲ್ಕೈದು ಸಲ. ಹಗ್ಗ ಬಿಗಿಯಾದ ಕ್ಷಣ ನಿಂತುಬಿಡಿ. ಮರಿ ತಿರುಗಿ ಹಗ್ಗ ಸಡಿಲವಾದಾಗ ಎಡ ತೊಡೆಯ ಪಕ್ಕದಲ್ಲಿ ಒಂದು ಕಾಳು, ಆಮೇಲೆ ಮುಂದಿನ ಹೆಜ್ಜೆ. ‘ಬಾ’ ಎನ್ನುವಾಗ ಎರಡು ಹೆಜ್ಜೆ ಹಿಂದೆ ಸರಿಯಿರಿ, ಕಾಳನ್ನು ಮೊಣಕಾಲ ಬಳಿ ಕೊಡಿ. ಎಗರುವ ಮರಿಗೆ ಕಾಳು ನೆಲದ ಮೇಲೆ, ನಾಲ್ಕೂ ಕಾಲು ಊರಿದಾಗ ಮಾತ್ರ. 25 ಕಿಲೋದಲ್ಲಿ ಮುದ್ದಾಗಿ ಕಾಣುವ ಎಗರಾಟ ಹತ್ತನೇ ತಿಂಗಳಲ್ಲಿ ಮನೆಯ ಅಜ್ಜಿಯನ್ನು ಬೀಳಿಸುತ್ತದೆ, ಆದ್ದರಿಂದ ಇದನ್ನು ಮೊದಲ ವಾರವೇ ಶುರುಮಾಡಬೇಕು. ಲಿಫ್ಟ್, ಆಟೋ ಸದ್ದು, ಪಟಾಕಿಯಂಥ ಕಷ್ಟದ ಜಾಗಕ್ಕೆ ಬೇಯಿಸಿದ ಕೋಳಿಯ ಚೂರು ಇಟ್ಟುಕೊಳ್ಳಿ. ಮನೆ ಊಟಕ್ಕೆ ನಾನು ಕೊಡುವ ಜಾಗ ಇದು, ಜೊತೆಗೆ ಬಟ್ಟಲ ಮೇಲಿನ ಒಂದು ಹಿಡಿ. ಎಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರದಂತೆ.

ಹೊಟ್ಟೆ ತಿರುಚಿಕೊಳ್ಳುವ ಅಪಾಯ ಡೇನ್‌ಗಳಲ್ಲಿ ತುಂಬಾ ಹೆಚ್ಚು, ಯಾವ ಊಟ ಹಾಕಿದರೂ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಓಟ ಬೇಡ. ಬಟ್ಟಲನ್ನು ಸ್ಟ್ಯಾಂಡ್ ಮೇಲಿಡುವುದು ಒಳ್ಳೆಯದೆಂದು ಮಾರುತ್ತಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ 2000ನೇ ಇಸವಿಯ ಅಧ್ಯಯನದಲ್ಲಿ ಎತ್ತರದ ಬಟ್ಟಲಿನಲ್ಲಿ ತಿನ್ನುವ ದೊಡ್ಡ ನಾಯಿಗಳಿಗೇ ಅಪಾಯ ಹೆಚ್ಚು ಕಂಡಿತು. ನಾನು ನೆಲದ ಮೇಲೇ ಇಡುತ್ತೇನೆ. ಏನೂ ಹೊರಬಾರದ ಒಣ ವಾಂತಿ, ಉಬ್ಬಿದ ಹೊಟ್ಟೆ, ಜೊಲ್ಲು ಕಂಡರೆ ಕಾಯುವಂತಿಲ್ಲ. ರಾತ್ರಿ ಆಪರೇಷನ್ ಮಾಡುವ ಆಸ್ಪತ್ರೆ ನಿಮ್ಮ ಮನೆಗೆ ಹತ್ತಿರ ಯಾವುದೆಂದು ಮರಿ ತರುವ ಮೊದಲೇ ವಿಚಾರಿಸಿಡಿ.

ದುಡ್ಡಿನ ಮಾತು

ನಾಲ್ಕು ತಿಂಗಳ ಮರಿಗೆ ನಮ್ಮ ಲೆಕ್ಕದಲ್ಲಿ ಜಯಂಟ್ ಪಪಿ ಫುಡ್‌ಗೆ ತಿಂಗಳಿಗೆ ಒಂಬತ್ತು ಸಾವಿರದಷ್ಟು, ಮನೆ ಊಟಕ್ಕೆ ಐದೂವರೆ ಸಾವಿರ, ಸಾಮಾನ್ಯ ಪಪಿ ಫುಡ್‌ಗೆ ನಾಲ್ಕು ಸಾವಿರ ಚಿಲ್ಲರೆ. ಏಳನೇ ತಿಂಗಳಿಗೆ ಮೂರೂ ಒಂದೂವರೆ ಪಟ್ಟಾಗುತ್ತವೆ. ಮನೆ ಊಟದ ಲೆಕ್ಕದಲ್ಲಿ ಗ್ಯಾಸ್, ವಿಟಮಿನ್ ಪುಡಿ, ದಿನಕ್ಕೆ ಒಂದು ಗಂಟೆಯ ಕೆಲಸ ಸೇರಿಲ್ಲ. ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವ ನಮ್ಮಂಥವರಿಗೆ ಆ ಒಂದು ಗಂಟೆ ಅಡುಗೆಗಿಂತ ಮರಿಯ ಪಾಠಕ್ಕೇ ಬೇಕು. ಮನೆಯಲ್ಲಿ ದಿನವಿಡೀ ಯಾರಾದರೂ ಇದ್ದು, ವೈದ್ಯರು ಗ್ರಾಂ ಲೆಕ್ಕದಲ್ಲಿ ಬರೆದುಕೊಟ್ಟಿದ್ದನ್ನು ಒಂದು ದಿನವೂ ತಪ್ಪಿಸದೆ ಮಾಡುವವರಿದ್ದರೆ ಮನೆ ಊಟವೂ ನಡೆಯುತ್ತದೆ. ಒಂಬತ್ತು ಸಾವಿರ ಹೊರೆಯೆನಿಸಿದರೆ ಲೇಬಲ್ ಗುಣಾಕಾರದಲ್ಲಿ 4.5ರೊಳಗೆ ಬರುವ ಅಗ್ಗದ ಲಾರ್ಜ್ ಬ್ರೀಡ್ ಪಪಿ ಫುಡ್ ಹುಡುಕಿ. ಆರು ತಿಂಗಳ ತನಕವಾದರೂ ಅದಕ್ಕಿಂತ ಕೆಳಗೆ ಇಳಿಯಬೇಡಿ.

ಯಾವುದೇ ಹಾಕಿದರೂ ಎರಡು ವಾರಕ್ಕೊಮ್ಮೆ ತೂಕ ನೋಡಿ. ಮನೆಯ ಸಣ್ಣ ತಕ್ಕಡಿಯಲ್ಲಿ ಡೇನ್ ಮರಿ ನಿಲ್ಲುವುದಿಲ್ಲ. ಕ್ಲಿನಿಕ್ ದೂರವಿದ್ದರೆ ಅಕ್ಕಿ ಮೂಟೆ ತೂಗುವ ಅಂಗಡಿಯ ತಕ್ಕಡಿ ಸಾಕು, ಮೇಲೊಂದು ಗೋಣಿಚೀಲ ಹಾಸಿ ನಾಲ್ಕು ಕಾಳು ತೋರಿಸಿದರೆ ನಿಲ್ಲುತ್ತದೆ. ಪಕ್ಕೆಲುಬು ಒತ್ತದೆಯೇ ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಸೊಂಟ ಮಾಯವಾದ ವಾರ 450 ಗ್ರಾಂ 400 ಆಗಲಿ.