ಮ್ಯಾಂಟಿಸ್ ಕ್ಲೋಸಪ್‌ಗೆ ಯಾವುದು ಸರಿ? ಟ್ಯೂಬ್, ರಿವರ್ಸ್ ರಿಂಗ್, ಮ್ಯಾಕ್ರೋ ಲೆನ್ಸ್, ಕ್ಲೋಸಪ್ ಲೆನ್ಸ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟೆಲಿ ಜೂಮ್ ಮುಂದೆ ಸಿಕ್ಕಿಸುವ ಕ್ಲೋಸಪ್ ಲೆನ್ಸಿಗೆ. ಪ್ರೇಯಿಂಗ್ ಮ್ಯಾಂಟಿಸ್ ಹುಳುವಿನ ಫೋಟೋ ತೆಗೆಯಬೇಕು ಅನ್ನುವ ಆಸೆಗೆ ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ, ಗಾಜಿಲ್ಲದ ಕೊಳವೆ) ಕೊಂಡೆ, ರಿವರ್ಸ್ ರಿಂಗ್ (ಲೆನ್ಸನ್ನು ಹಿಂದುಮುಂದಾಗಿ ಸಿಕ್ಕಿಸುವ ಬಳೆ) ಕೊಂಡೆ, ಗೆಳೆಯರಿಂದ 100 ಎಂಎಂ ಮ್ಯಾಕ್ರೋ ಲೆನ್ಸ್ ತಂದು ನೋಡಿದೆ. ಈಗ ಬ್ಯಾಗಿನಲ್ಲಿ ಕಾಯಂ ಇರುವುದು 55-250 ಜೂಮ್, ಜೊತೆಗೆ ಅದರ ಬಾಯಿಗೆ ಕ್ಲಿಪ್ ಆಗುವ ರೇನಾಕ್ಸ್ ಡಿಸಿಆರ್-150. ನನ್ನದು ಎಪಿಎಸ್-ಸಿ ಸೆನ್ಸರ್ (ಅಗಲ ಸುಮಾರು 22 ಎಂಎಂ) ಇರುವ ಕ್ಯಾಮೆರಾ. ಇಲ್ಲಿ ಹೇಳುವ ಲೆಕ್ಕ ಎಲ್ಲ ಅದರದ್ದೇ.

ಮ್ಯಾಂಟಿಸ್ ಫೋಟೋದ ಕಷ್ಟ ಇರುವೆ, ಜೇಡದ ಕಷ್ಟದ ಥರ ಅಲ್ಲ. ಬೆಳೆದ ಮ್ಯಾಂಟಿಸ್ ಏಳೆಂಟು ಸೆಂಟಿಮೀಟರ್ ಉದ್ದ ಇರಬಹುದು. ಅದರ ತಲೆ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಮುಂಗಾಲು ಮಡಚಿ ಕೂತ ಇಡೀ ಭಂಗಿಯೂ ಬೇಕು, ಆ ತ್ರಿಕೋನ ಮುಖವೂ ಬೇಕು. ಎರಡು ದೊಡ್ಡ ಕಣ್ಣುಗಳ ನಡುವೆ, ಮೀಸೆಗಳ ಬುಡದ ಹತ್ತಿರ, ಇನ್ನೂ ಮೂರು ಪುಟ್ಟ ಕಣ್ಣು ಇರುತ್ತವೆ. ಅವು ಸಿಗದೆ ಮುಖದ ಫೋಟೋ ಆಯಿತು ಅಂತ ನನಗೆ ಅನ್ನಿಸುವುದೇ ಇಲ್ಲ. ಇಷ್ಟೂ ಅದು ಕೂತಲ್ಲಿಂದ ಏಳುವುದರೊಳಗೆ ಮುಗಿಯಬೇಕು.

ಟ್ಯೂಬ್ ಸೋತಿದ್ದು ಇಲ್ಲೇ. ಟ್ಯೂಬಿನ ಲೆಕ್ಕ ಸುಲಭ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (50 ಎಂಎಂ, 100 ಎಂಎಂ ಅನ್ನುವ ಅಂಕಿ) ಭಾಗಿಸಿದರೆ, ಸೆನ್ಸರಿನ ಮೇಲೆ ಹುಳು ತನ್ನ ನಿಜ ಗಾತ್ರದ ಎಷ್ಟು ಪಟ್ಟು ಮೂಡುತ್ತದೆ ಅನ್ನುವುದು ಸಿಗುತ್ತದೆ. 50 ಎಂಎಂ ಲೆನ್ಸಿಗೆ 36 ಎಂಎಂ ಟ್ಯೂಬ್ ಹಾಕಿದರೆ 0.72 ಪಟ್ಟು. ಫೋಕಸ್ ರಿಂಗ್ ಪೂರ್ತಿ ಹತ್ತಿರಕ್ಕೆ ತಿರುಗಿಸಿದರೆ ಸುಮಾರು 0.87. ಇದಕ್ಕಿಂತ ಮೇಲೂ ಇಲ್ಲ, ಕೆಳಗೂ ಇಲ್ಲ. 0.72ರಲ್ಲಿ ಫ್ರೇಮಿನ ಅಗಲ ಮೂರು ಸೆಂಟಿಮೀಟರ್ ಚಿಲ್ಲರೆ. ಅದರಲ್ಲಿ ಮ್ಯಾಂಟಿಸ್‌ನ ಎದೆಯೂ ಮುಂಗಾಲೂ ಹಿಡಿಸಿದರೆ ಹೆಚ್ಚು. ಹಿಂದೆ ಸರಿದರೆ ಇಡೀ ಮೈ ಬರುತ್ತದೆ ಅಂದುಕೊಂಡರೆ ಬರುವುದಿಲ್ಲ, ಎಲ್ಲ ಮಸುಕಾಗುತ್ತದೆ. ಟ್ಯೂಬ್ ಹಾಕಿದ ಲೆನ್ಸಿಗೆ ದೂರ ಅನ್ನುವುದೇ ಇಲ್ಲ.

ಹಾಗಾಗಿ ಇಡೀ ಮೈ ಬೇಕಾದಾಗ ಲೆನ್ಸ್ ಬಿಚ್ಚಬೇಕು, ಟ್ಯೂಬ್ ಬಿಚ್ಚಬೇಕು, ಮತ್ತೆ ಲೆನ್ಸ್ ಹಾಕಬೇಕು. ಮುಖ ಬೇಕಾದಾಗ ಮತ್ತೆ ಅದೇ ಕಥೆ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಲೆನ್ಸ್, ಟ್ಯೂಬಿನ ಮುಚ್ಚಳ ಹಲ್ಲಲ್ಲಿ. ಸೆನ್ಸರ್ ಗಾಳಿಗೆ ತೆರೆದುಕೊಂಡಿರುತ್ತದೆ, ಪಕ್ಕದ ಗಿಡದಿಂದ ಪರಾಗ ಉದುರುತ್ತಿರುತ್ತದೆ. ಇಷ್ಟು ಮಾಡಿ ತಲೆ ಎತ್ತಿದರೆ ಮ್ಯಾಂಟಿಸ್ ಎಲೆಯ ಅಡಿಗೆ ಹೋಗಿರುತ್ತದೆ. ಜೊತೆಗೆ ನಾನು ಕೊಂಡ ಟ್ಯೂಬಿನ ಎಲೆಕ್ಟ್ರಾನಿಕ್ ಪಿನ್ನುಗಳು ಸ್ವಲ್ಪ ದಿನಕ್ಕೇ ಸಡಿಲವಾದವು. ಕ್ಯಾಮೆರಾ ಲೆನ್ಸನ್ನೇ ಗುರುತಿಸುತ್ತಿರಲಿಲ್ಲ. ಪ್ರತಿ ಸಲ ಲೆನ್ಸನ್ನು ಒಂಚೂರು ತಿರುಚಿ ಹಿಡಿದುಕೊಂಡರೆ ಮಾತ್ರ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಮಾತು ಕೇಳುತ್ತಿತ್ತು.

ಮುಖ ಚೆನ್ನಾಗಿ ದೊಡ್ಡದಾಗಿ ಬೇಕು ಅಂತ ಸೆಟ್ಟಿನ ಮೂರೂ ಟ್ಯೂಬ್ ಸೇರಿಸಿದರೆ 68 ಎಂಎಂ. ಆಗ ಹಿಗ್ಗುವುದು 1.36 ಪಟ್ಟು, ಆದರೆ ಲೆನ್ಸಿನ ತುದಿಗೂ ಹುಳುವಿಗೂ ನಡುವೆ ಉಳಿಯುವುದು ನಾಲ್ಕೈದು ಸೆಂಟಿಮೀಟರ್. ಲೆನ್ಸಿನ ನೆರಳು ಮುಖದ ಮೇಲೇ ಬೀಳುತ್ತದೆ. ಫ್ಲ್ಯಾಶ್ ಬೆಳಕನ್ನು ಎಲ್ಲಿಂದ ತರುವುದು? ಮೇಲಾಗಿ ಸುಮಾರು ಎರಡೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕು ಟ್ಯೂಬಿನಲ್ಲೇ ಕಳೆದುಹೋಗುತ್ತದೆ. ವ್ಯೂಫೈಂಡರ್ ಮಬ್ಬು ಮಬ್ಬು.

ಅಷ್ಟು ಹತ್ತಿರ ಹೋದರೆ ಮ್ಯಾಂಟಿಸ್ ಸುಮ್ನೆ ಇರುವುದಿಲ್ಲ. ಮೂರು ಆಯಾಮದಲ್ಲಿ ನೋಡಬಲ್ಲ ಹುಳು ಅದು, ಎರಡೂ ಕಣ್ಣು ಸೇರಿಸಿ ದೂರ ಅಳೆಯುತ್ತದೆ. ಮೈಯನ್ನು ಆಚೆ ಈಚೆ ತೂಗಿ, ತಲೆ ತಿರುಗಿಸಿ, ಲೆನ್ಸನ್ನೇ ನೋಡುತ್ತದೆ. ಆಮೇಲೆ ಲೆನ್ಸಿನ ಮೇಲೆ ಹತ್ತಿಬಿಡುತ್ತದೆ, ಇಲ್ಲವೇ ಮುಂಗಾಲು ಅಗಲಿಸಿ ರೆಕ್ಕೆ ಬಿಚ್ಚಿ ಹೆದರಿಸುತ್ತದೆ. ಅದು ಚೆಂದದ ಪೋಸ್ ಅಂತ ಕೆಲವರು ಬೇಕೆಂದೇ ಕೆಣಕುತ್ತಾರೆ. ನನಗೆ ಅದು ಇಷ್ಟವಿಲ್ಲ. ಹೆದರಿದ ಜೀವದಿಂದ ಹಿಂದೆ ಸರಿಯಬೇಕು, ಅಷ್ಟೇ. ತಲೆಕೆಳಗಾಗಿ ತೂಗಿಕೊಂಡು ಪೊರೆ ಬಿಡುತ್ತಿರುವಾಗಂತೂ ಜಾಸ್ತಿ ಹುಷಾರು ಬೇಕು. ಲೆನ್ಸ್ ತಾಗಿ ಕೆಳಗೆ ಬಿದ್ದರೆ ಕಾಲು ಸೊಟ್ಟಗಾಗಬಹುದು, ಸತ್ತೇ ಹೋಗಬಹುದು.

ರಿವರ್ಸ್ ರಿಂಗ್ ಎಲ್ಲಕ್ಕಿಂತ ಅಗ್ಗ, ಚಿತ್ರವೂ ಚುರುಕಾಗಿ ಬರುತ್ತದೆ. ಆದರೆ ಲೆನ್ಸ್ ತಿರುಗಿಸಿ ಹಾಕಿದ ಮೇಲೆ ಹುಳುವಿಗೆ ಇರುವ ದೂರ ನಾಲ್ಕು ಸೆಂಟಿಮೀಟರ್ ಆಸುಪಾಸು, ಅಪರ್ಚರ್ ರಿಂಗ್ ಇಲ್ಲದ ಲೆನ್ಸ್ ಆದರೆ ಅಪರ್ಚರ್ ಬದಲಿಸುವುದೂ ಕಷ್ಟ. ಮೊಬೈಲಿಗೆ ಸಿಕ್ಕಿಸುವ ಪುಟ್ಟ ಲೆನ್ಸ್ ಇನ್ನೂ ಹತ್ತಿರ ಹೋಗಬೇಕು, ಬಿಟ್ಟುಬಿಡಿ.

100 ಎಂಎಂ ಮ್ಯಾಕ್ರೋ ಲೆನ್ಸ್ ಬಗ್ಗೆ ದೂರು ಹೇಳಲು ನನಗೆ ಏನೂ ಇಲ್ಲ. ಇಡೀ ಮೈಯಿಂದ ಮುಖದವರೆಗೆ ಏನನ್ನೂ ಬಿಚ್ಚದೆ ಹೋಗಬಹುದು. 1:1ರಲ್ಲಿ, ಅಂದರೆ ಹುಳು ಸೆನ್ಸರಿನ ಮೇಲೆ ನಿಜ ಗಾತ್ರದಲ್ಲೇ ಮೂಡುವಾಗ, ತುದಿಯಿಂದ ಹುಳುವಿಗೆ ಹದಿಮೂರು ಹದಿನಾಲ್ಕು ಸೆಂಟಿಮೀಟರ್ ಸಿಗುತ್ತದೆ. ಅಂಚಿನವರೆಗೂ ಚಿತ್ರ ಚೊಕ್ಕ. ಹುಳುಗಳ ಫೋಟೋ ಬಿಟ್ಟು ಬೇರೇನೂ ತೆಗೆಯದವರು ಅದನ್ನೇ ಕೊಳ್ಳಲಿ. ನಾನು ಅದೇ ನಡಿಗೆಯಲ್ಲಿ ಹಕ್ಕಿಯನ್ನೂ ತೆಗೆಯುವವನು. ಜೂಮ್ ಹೇಗೂ ಕುತ್ತಿಗೆಯಲ್ಲಿ ಇರುತ್ತದೆ. ಅದರ ಜೊತೆ ಇನ್ನೊಂದು ದೊಡ್ಡ ಲೆನ್ಸ್ ಕೊಳ್ಳುವುದು, ಹೊರುವುದು, ಎರಡೂ ನನಗೆ ಭಾರ.

ಇನ್ನು ನನ್ನ ಕ್ಲೋಸಪ್ ಲೆನ್ಸ್. ಇದು 4.8 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಅದೇ ಅಳತೆ). ಅಂದರೆ ಯಾವ ಜೂಮಿನಲ್ಲಿದ್ದರೂ, ಫೋಕಸ್ ಅನಂತದಲ್ಲಿ ಇಟ್ಟರೆ, ಹುಳು ಸುಮಾರು 20 ಸೆಂಟಿಮೀಟರ್ ದೂರದಲ್ಲಿ ಚುರುಕಾಗಿ ಕಾಣುತ್ತದೆ. 55ರಲ್ಲಿ 0.26 ಪಟ್ಟು, 250ರಲ್ಲಿ 1.2 ಪಟ್ಟು. ಮೊದಲನೆಯದರಲ್ಲಿ ಸುಮಾರು ಎಂಟೂವರೆ ಸೆಂಟಿಮೀಟರ್ ಅಗಲ ಹಿಡಿಸುತ್ತದೆ, ಎರಡನೆಯದರಲ್ಲಿ ಎರಡು ಸೆಂಟಿಮೀಟರ್ ಕೂಡ ಇಲ್ಲ. ನಾನು ನಿಂತ ಜಾಗದಿಂದ ಕದಲಬೇಕಿಲ್ಲ. ಜೂಮ್ ರಿಂಗ್ ತಿರುಗಿಸಿದರೆ ಇಡೀ ಮ್ಯಾಂಟಿಸ್, ಇನ್ನೂ ತಿರುಗಿಸಿದರೆ ಮುಂಗಾಲಿನ ಮುಳ್ಳುಗಳು, ಪೂರ್ತಿ ತಿರುಗಿಸಿದರೆ ಮುಖ. ಆ ಮುಖದಲ್ಲಿ ಕಣ್ಣೊಳಗಿನ ಕರಿ ಚುಕ್ಕೆ ನನ್ನನ್ನೇ ನೋಡುತ್ತಿರುತ್ತದೆ. ಅದು ನಿಜವಾದ ಪಾಪೆ ಅಲ್ಲ. ನಮ್ಮ ಕಡೆ ನೇರ ಮುಖ ಮಾಡಿದ ಕಿರುಕಣ್ಣುಗಳು ಬೆಳಕನ್ನು ಹೀರಿಕೊಳ್ಳುವುದರಿಂದ ಅಲ್ಲಿ ಮಾತ್ರ ಕಪ್ಪಾಗಿ ಕಾಣುತ್ತದೆ, ನಾವು ಸರಿದರೆ ಚುಕ್ಕೆಯೂ ಸರಿಯುತ್ತದೆ. ಹಗಲಲ್ಲೇ ತೆಗೆಯಿರಿ, ರಾತ್ರಿ ಇಡೀ ಕಣ್ಣು ಕಪ್ಪಾಗಿಬಿಡುತ್ತದೆ.

55ರ ಆಸುಪಾಸಿನಲ್ಲಿ ಫೋಟೋದ ಮೂಲೆಗಳು ಕಪ್ಪಾಗುತ್ತವೆ, ಏಕೆಂದರೆ ಕ್ಲೋಸಪ್ ಲೆನ್ಸಿನ ಗಾಜು ಜೂಮಿನ ಬಾಯಿಗಿಂತ ಚಿಕ್ಕದು. ಇಡೀ ಮೈ ತೆಗೆಯುವಾಗ ನಾನು ಮೂಲೆ ಕತ್ತರಿಸುತ್ತೇನೆ. ಇಲ್ಲವೇ ಕ್ಲಿಪ್ ಒತ್ತಿ ತೆಗೆದು, ಹಿಂದೆ ಸರಿದು ಬರೀ ಜೂಮಿನಲ್ಲಿ ತೆಗೆಯುತ್ತೇನೆ. ತೆಗೆಯಲು, ಹಾಕಲು ಒಂದು ಕ್ಷಣ ಸಾಕು, ಸೆನ್ಸರ್ ತೆರೆಯುವ ಮಾತೇ ಇಲ್ಲ.

ಒಂದು ಎಚ್ಚರಿಕೆ. ಒಂದೇ ಗಾಜಿನ, +1, +2, +4, +10 ಅಂತ ಸೆಟ್ಟಿನಲ್ಲಿ ಬರುವ ತಿರುಪಿನ ಫಿಲ್ಟರುಗಳು ಬೇರೆ. ಅವುಗಳಲ್ಲಿ ಮೀಸೆಯ ಅಂಚಿಗೆಲ್ಲ ನೇರಳೆ ಬಣ್ಣ ಅಂಟಿಕೊಂಡಿರುತ್ತದೆ. ಒಂದಕ್ಕಿಂತ ಹೆಚ್ಚು ಗಾಜು ಜೋಡಿಸಿ ಬಣ್ಣದ ದೋಷ ತಿದ್ದಿದ ಅಕ್ರೊಮ್ಯಾಟ್ ಮಾದರಿಯದ್ದೇ ಬೇಕು.

ಅಪರ್ಚರ್ ವಿಷಯದಲ್ಲಿ ಹಳೆಯ ಅಭ್ಯಾಸ ಬಿಡಬೇಕು (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಫೋಕಸ್ ಸಿಗುವ ಆಳ ಹೆಚ್ಚು). ಮ್ಯಾಕ್ರೋ ಲೆನ್ಸಿನಲ್ಲಿ 1:1ಕ್ಕೆ ಹೋದಾಗ ಎಫ್/11 ಅಂತ ಇಟ್ಟರೂ ಅದು ಕೆಲಸ ಮಾಡುವುದು ಎಫ್/22ರ ಹಾಗೆ. ಕ್ಲೋಸಪ್ ಲೆನ್ಸಿನಲ್ಲಿ ಆ ಬೆಳಕಿನ ನಷ್ಟ ಇಲ್ಲ. ಹಾಗಾಗಿ ಇಲ್ಲಿ ಧೈರ್ಯವಾಗಿ ಎಫ್/16, ಎಫ್/22 ಇಡಬಹುದು, ಇಡಲೇಬೇಕು. ಆಗಲೂ 250ರಲ್ಲಿ ಫೋಕಸ್ ಸಿಗುವ ಆಳ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಆಟೋಫೋಕಸ್ ಆಫ್ ಮಾಡಿ, ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ತೂಗಿ, ಕಣ್ಣು ಚುರುಕಾದ ಗಳಿಗೆಯಲ್ಲಿ ಒತ್ತಿ. ಶಟರ್ 1/200 ಸೆಕೆಂಡ್, ಫ್ಲ್ಯಾಶಿನ ಮುಂದೆ ಬಿಳಿ ಹಾಳೆ. 20 ಸೆಂಟಿಮೀಟರ್ ಇರುವುದರಿಂದ ಆ ಬೆಳಕು ಮುಖಕ್ಕೆ ಬಂದೇ ಬರುತ್ತದೆ.

ಆಗ ತಾನೇ ಮೊಟ್ಟೆಯಿಂದ ಬಂದ ಮರಿಗಳಿಗೆ ಮಾತ್ರ ಇದು ಸಾಲದು. ಅವು ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಅವಕ್ಕೆ ಅದೇ ಕಂಪನಿಯ ಡಿಸಿಆರ್-250 ಇದೆ, 8 ಡಯಾಪ್ಟರ್, 250ರಲ್ಲಿ ಸರಿಯಾಗಿ ಎರಡು ಪಟ್ಟು. ಆದರೆ ಹುಳುವಿಗೆ ಇರುವ ದೂರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ 150 ಕೊಳ್ಳಿ. ಮರಿಗಳು ಬೆಳೆಯುತ್ತವೆ.