ಡೀಸೆಲ್ ಆಂಟಿ-ಜೆಲ್: ಹಾಸನದಲ್ಲಿ ದುಡ್ಡು ದಂಡ, ಕಾಶ್ಮೀರಕ್ಕೆ ಬೇಕೇ ಬೇಕು

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಲಾರಿ ಹಾಸನ, ಸಕಲೇಶಪುರ, ಮಂಗಳೂರು ಅಂತಲೇ ಓಡಾಡುತ್ತಿದ್ದರೆ, ಚಳಿಗೆ ಡೀಸೆಲ್ ಕಟ್ಟದಿರಲಿ ಅಂತ ಟ್ಯಾಂಕ್‌ಗೆ ಹಾಕುವ ಈ ದ್ರವಕ್ಕೆ ದುಡ್ಡು ಹಾಕಬೇಡಿ. ಬೆಳಗ್ಗೆ ಸ್ಟಾರ್ಟ್ ಆಗಲಿಲ್ಲ ಅಂದರೆ ಬ್ಯಾಟರಿ ನೋಡಿ. ನಮ್ಮೂರಿನ ಅಂಗಡಿಯವರೊಬ್ಬರು "ಮಲೆನಾಡಿನ ಚಳಿಗೆ ಬೇಕು" ಅಂತ ಮಾರುತ್ತಾರೆ. ಅದು ಸುಮ್ನೆ ವ್ಯಾಪಾರದ ಮಾತು.

ನಮ್ಮ ಗಾಡಿಯ ಲೆಕ್ಕ ಬೇರೆ. ಶುಂಠಿ ಸೀಸನ್‌ನಲ್ಲಿ ದೆಹಲಿಗೆ ಹೋಗುತ್ತದೆ. ಅಲ್ಲಿಂದ ಕಾಶ್ಮೀರಕ್ಕೆ ಲೋಡ್ ಸಿಕ್ಕರೆ ಬಿಡುವುದಿಲ್ಲ, ವಾಪಸ್ ಬರುವಾಗ ಸೇಬು ಸಿಗುತ್ತದೆ. ಆದರೆ ಹಿಮ ಬಿದ್ದು ರಸ್ತೆ ಮುಚ್ಚಿದರೆ ಕಾಶ್ಮೀರ ಕಣಿವೆಯ ಬಾಗಿಲಲ್ಲಿರುವ ಖಾಜಿಗುಂಡ್‌ನಲ್ಲಿ ಸಾಲಾಗಿ ನಿಲ್ಲಬೇಕು, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ. ನಾನು ಕೆಲವು ವರ್ಷಗಳಿಂದ ಆಂಟಿ-ಜೆಲ್ ಹಾಕಿಸುತ್ತಿರುವುದು ಆ ರಾತ್ರಿಗಳಿಗಾಗಿ.

ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತದೆ. ಡಿಸೆಂಬರ್‌ನಲ್ಲಿ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಕಟ್ಟಿಕೊಳ್ಳುತ್ತದಲ್ಲ, ಹಾಗೆಯೇ ಇದೂ. ಮೊದಲು ಮಬ್ಬಾಗುತ್ತದೆ, ಆಮೇಲೆ ಸಣ್ಣ ಹರಳುಗಳಾಗಿ ಫಿಲ್ಟರ್‌ಗೆ ಮೆತ್ತಿಕೊಳ್ಳುತ್ತದೆ. ಟ್ಯಾಂಕ್‌ನಲ್ಲಿ ಡೀಸೆಲ್ ಇನ್ನೂ ಕುಲುಕುತ್ತಿರುತ್ತದೆ, ಗಾಡಿ ಸ್ಟಾರ್ಟೂ ಆಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ಪಿಕಪ್ ಬಿದ್ದು ನಿಂತುಬಿಡುತ್ತದೆ. ಟರ್ಬೋ ಹೋಯಿತು ಅಂತ ಡ್ರೈವರ್ ಫೋನ್ ಮಾಡುತ್ತಾನೆ! ನಮ್ಮ ದೇಶದ ಮಾನದಂಡದ ಪ್ರಕಾರ ಫಿಲ್ಟರ್ ಕಟ್ಟುವ ಮಿತಿ ಚಳಿಗಾಲದ ಡೀಸೆಲ್‌ಗೆ 6 ಡಿಗ್ರಿ, ಬೇಸಿಗೆಯದಕ್ಕೆ 18. ಬಯಲುಸೀಮೆಗೆ ಇದು ಸಾಕು, ಖಾಜಿಗುಂಡ್‌ಗೆ ಎಲ್ಲಿ ಸಾಲುತ್ತದೆ?

ಆಂಟಿ-ಜೆಲ್ ಈ ಮೇಣವನ್ನು ತೆಗೆಯುವುದಿಲ್ಲ. ಹರಳು ದೊಡ್ಡದಾಗದಂತೆ ತಡೆಯುತ್ತದೆ, ಸಣ್ಣದಿದ್ದರೆ ಫಿಲ್ಟರ್ ದಾಟುತ್ತದೆ, ಅಷ್ಟೇ. ಅದಕ್ಕೇ ಡೀಸೆಲ್ ಮಬ್ಬಾಗುವ ಮೊದಲೇ ಹಾಕಬೇಕು. ಕಟ್ಟಿಕೊಂಡ ಮೇಲೆ ಬಾಟಲಿ ಸುರಿದರೆ ಪ್ರಯೋಜನವಿಲ್ಲ. ಇದನ್ನು ಕಂಪನಿಗಳು ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು. ನಾವು ಘಾಟ್ ಹತ್ತುವ ಮುಂಚೆ ಜಮ್ಮು ಕಡೆಯ ಬಂಕ್‌ನಲ್ಲಿ ಅಳತೆ ನೋಡಿ ಟ್ಯಾಂಕ್‌ಗೆ ಇದನ್ನು ಹಾಕಿ, ಅದರ ಮೇಲೆ ಡೀಸೆಲ್ ತುಂಬಿಸುತ್ತೇವೆ. ಚೆನ್ನಾಗಿ ಬೆರೆಯುತ್ತದೆ. ದಕ್ಷಿಣದಲ್ಲಿ ತುಂಬಿಸಿದ ಡೀಸೆಲ್ ಅಷ್ಟರಲ್ಲಿ ಮುಗಿದಿರಬೇಕು.

ಹೀಗೆ ಮಾಡಿದ ಮೇಲೆ ಫಿಲ್ಟರ್ ಕಟ್ಟಿ ಗಾಡಿ ನಿಂತಿಲ್ಲ. ಆದರೆ ದ್ರಾಸ್, ಲೇಹ್ ಕಡೆಯ ಚಳಿಗೆ ಇದನ್ನು ನಂಬಿಕೊಂಡು ನಾನಂತೂ ಲೋಡ್ ಹಿಡಿಯುವುದಿಲ್ಲ, ಇದು ಕೆಲವು ಡಿಗ್ರಿ ಮಾತ್ರ ತಡೆಯುತ್ತದೆ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ತಂದ ವಿಂಟರ್ ಡೀಸೆಲ್ ಮೈನಸ್ 33ರವರೆಗೂ ಹರಿಯುತ್ತದೆ. ಯಾವ ಬಾಟಲಿಯೂ ಅದರ ಸಮ ಅಲ್ಲ.

ಹಳೇ ಡ್ರೈವರ್‌ಗಳು ಸೀಮೆಎಣ್ಣೆ ಬೆರೆಸಿದರೆ ಸಾಕು ಅನ್ನುತ್ತಾರೆ. ಹೊಸ ಹೊಗೆ ನಿಯಮದ ಬಿಎಸ್6 ಗಾಡಿಗೆ ಬೇಡವೇ ಬೇಡ. ಪಂಪ್‌ಗೆ ಡೀಸೆಲ್ಲೇ ಜಿಡ್ಡು, ಸೀಮೆಎಣ್ಣೆಯಲ್ಲಿ ಅದು ಕಡಿಮೆ. ಕಾನೂನಿನ ಪ್ರಕಾರವೂ ಅದು ಕಲಬೆರಕೆ. ಟ್ಯಾಂಕ್ ಕೆಳಗೆ ಬೆಂಕಿ ಹಾಕುವವರಿಗೆ ನಾನೇನು ಹೇಳಲಿ!

ಬೇಸರ ಎರಡು. ಬೆಲೆ ಜಾಸ್ತಿ. ಮತ್ತೆ ಹೊರಗಿನ ಟೂಲ್ ಬಾಕ್ಸ್‌ನಲ್ಲಿಟ್ಟರೆ ಚಳಿಗೆ ಈ ದ್ರವವೇ ಮಂದವಾಗುತ್ತದೆ, ಕ್ಯಾಬಿನ್ ಒಳಗೇ ಇಡಬೇಕು. ಐದಕ್ಕೆ ಮೂರೂವರೆ ಸ್ಟಾರ್.

ಹಾಂ, ಗಾಡಿಯ ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕ್‌ಗೆ ಹಾಕುವ ಆಡ್‌ಬ್ಲೂ ಮೈನಸ್ 11ಕ್ಕೆ ಗಟ್ಟಿಯಾಗುತ್ತದೆ ಅಂತ ಯಾರಾದರೂ ಆಂಟಿ-ಜೆಲ್ ಅನ್ನು ಆ ನೀಲಿ ಮುಚ್ಚಳದ ಟ್ಯಾಂಕ್‌ಗೆ ಹಾಕೀರಿ ಜೋಕೆ. ಅದನ್ನು ಗಾಡಿಯ ಹೀಟರ್ರೇ ಕರಗಿಸಿಕೊಳ್ಳುತ್ತದೆ. ಬೇರೇನು ಬೆರೆತರೂ ಸಿಸ್ಟಂ ಹಾಳಾಗುತ್ತದೆ. ಕ್ಲೀನರ್‌ಗೂ ಇದನ್ನು ಹೇಳಿ ಕಳಿಸಿ.